ಬಾಯ್ಲರ್ ಕಾಯುವವನನ್ನು ಕಾಯುವವರಾರು?

ಮೂವತ್ತನಾಲ್ಕು ವರ್ಷಗಳ ಸರ್ಕಾರಿ ಸೇವೆಯಲ್ಲಿ ನಾನು ಸಹಿ ಹಾಕಿದ ಕಡತಗಳಿಗೆ ಲೆಕ್ಕವಿಲ್ಲ. ನಿವೃತ್ತನಾದ ಮೇಲೆ ಅವುಗಳಲ್ಲಿ ಬಹುಪಾಲು ಮನಸ್ಸಿನಿಂದ ಅಳಿಸಿಹೋಗಿವೆ. ಹನ್ನೊಂದು ಪುಟಗಳ ಒಂದು ವಿಚಾರಣಾ ವರದಿ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ವರದಿಯಲ್ಲಿ ನಾನು ಬರೆದದ್ದೆಲ್ಲವೂ ನಿಜವೇ ಆಗಿತ್ತು. ಆದರೂ ಅದು ನ್ಯಾಯವಾದ ವರದಿಯಾಗಿರಲಿಲ್ಲ ಎಂಬುದು ನನಗೆ ಅರಿವಾಗಲು ಹಲವು ವರ್ಷಗಳೇ ಬೇಕಾದವು.

ಅದು 1990ರ ದಶಕದ ಆರಂಭ. ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದೆ. ಸುಗ್ಗಿ ಮುಗಿದು, ಅಕ್ಕಿ ಗಿರಣಿಗಳು ಹಗಲಿರುಳೆನ್ನದೆ ನಡೆಯುತ್ತಿದ್ದ ಕಾಲ. ಒಂದು ಗಿರಣಿಯಲ್ಲಿ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಬಾಯ್ಲರಿನ ಕುಲುಮೆಯ ಕೊಳವೆ ಕುಸಿಯಿತು. ಬೆಂಕಿಬಾಗಿಲಿನಿಂದ ಉಗಿಯೂ ಕೆಂಡವೂ ಒಟ್ಟಿಗೆ ಹೊರಚಿಮ್ಮಿ ಎದುರಿಗಿದ್ದ ಇಬ್ಬರನ್ನು ಸುಟ್ಟವು. ಹೊಟ್ಟು ತುಂಬುತ್ತಿದ್ದ ಹುಡುಗ ಬದುಕಿಕೊಂಡ. ಬಾಯ್ಲರ್ ನೋಡಿಕೊಳ್ಳುತ್ತಿದ್ದಾತ ಮೂರನೆಯ ದಿನ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡ. ವಿಚಾರಣೆ ನಡೆಸಿ ವರದಿ ಸಲ್ಲಿಸುವಂತೆ ಜಿಲ್ಲಾಧಿಕಾರಿಗಳು ನನಗೆ ಆದೇಶಿಸಿದರು.

ಬಾಯ್ಲರಿನ ಕಾಗದಪತ್ರಗಳು ಕ್ರಮಬದ್ಧವಾಗಿದ್ದವು. ಪರೀಕ್ಷೆ ನಡೆದು ಇನ್ನೂ ವರ್ಷ ತುಂಬಿರಲಿಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಇನ್ನೊಂದು ಕಾಗದ ತೂಗುತ್ತಿತ್ತು. ಅದು ಅಟೆಂಡರನ ಅರ್ಹತಾ ಪ್ರಮಾಣಪತ್ರ. ಅದರಲ್ಲಿದ್ದ ಭಾವಚಿತ್ರ ಸತ್ತವನದ್ದಾಗಿರಲಿಲ್ಲ. ಪ್ರಮಾಣಪತ್ರದ ಒಡೆಯ ಮತ್ತೊಂದು ಊರಿನ ಗಿರಣಿಯಲ್ಲಿ ದುಡಿಯುತ್ತಿದ್ದ. ಇಲ್ಲಿ ಅವನ ಕಾಗದವಷ್ಟೇ ತಿಂಗಳಿಗಿಷ್ಟು ಎಂಬ ಬಾಡಿಗೆಗೆ ನೇತಾಡುತ್ತಿತ್ತು. ಸತ್ತವನು ಎಂಟು ವರ್ಷ ಅನುಭವವಿದ್ದ ಹೆಲ್ಪರ್. ಅವನಿಗೆ ಸಿಗುತ್ತಿದ್ದುದು ಹೆಲ್ಪರನ ಕೂಲಿ.

ಮೃತನ ಅಣ್ಣ ಹೇಳಿಕೆ ಕೊಡಲು ಬಂದಾಗ ಹೇಳಿದ ಮಾತು ಹೀಗಿತ್ತು: 'ಎರಡನೇ ಪಾಳಿ ಅವಂದಲ್ರೀ ಸಾಹೇಬ್ರ. ಬರೋ ಹುಡುಗ ಬರ್ಲಿಲ್ಲ, ಮಾಲಕ್ರು ನಿಂತ್ಕೋ ಅಂದ್ರು, ನಿಂತ್ಕೊಂಡ.' ಅಂದರೆ ಹಿಂದಿನ ಮಧ್ಯಾಹ್ನದಿಂದ ಆ ಜಾವದವರೆಗೆ ಸುಮಾರು ಹದಿನಾಲ್ಕು ಗಂಟೆ ಅವನು ಆ ಬೆಂಕಿಯ ಮುಂದಿದ್ದ. ಈ ಹೇಳಿಕೆಯನ್ನು ನಾನು ಅನುಬಂಧದಲ್ಲಿ ಸೇರಿಸಿದೆ. ಪ್ರಮಾಣಪತ್ರದ ಅಕ್ರಮಕ್ಕಾಗಿ ಮಾಲೀಕರ ಮೇಲೆ ಕ್ರಮ ಜರುಗಿಸಬೇಕೆಂದೂ ಶಿಫಾರಸು ಮಾಡಿದೆ. ಆದರೆ 'ಅವಘಡದ ಕಾರಣ' ಎಂಬ ಶೀರ್ಷಿಕೆಯ ಕೆಳಗೆ, ತಾಂತ್ರಿಕ ವರದಿಯನ್ನು ಅನುಸರಿಸಿ, 'ನೀರಿನ ಮಟ್ಟವನ್ನು ಗಮನಿಸದ ನಿರ್ವಾಹಕನ ನಿರ್ಲಕ್ಷ್ಯ' ಎಂದು ಬರೆದೆ. ನೀರಿನ ಮಟ್ಟ ಇಳಿದದ್ದು ನಿಜ. ಅವನು ಗಮನಿಸದಿದ್ದುದೂ ನಿಜ. ಏಕೆ ಗಮನಿಸಲಿಲ್ಲ ಎಂಬ ಪ್ರಶ್ನೆಗೆ ನಮೂನೆಯಲ್ಲಿ ಜಾಗವಿರಲಿಲ್ಲ. ನಾನೂ ಜಾಗ ಮಾಡಿಕೊಡಲಿಲ್ಲ.

ಇಷ್ಟು ವರ್ಷಗಳ ನಂತರ ಈ ಸಂಗತಿಯನ್ನು ಪ್ರಸ್ತಾಪಿಸಲು ಕಾರಣವಿದೆ. 1923ರ ಭಾರತೀಯ ಬಾಯ್ಲರ್ ಅಧಿನಿಯಮದ ಸ್ಥಾನಕ್ಕೆ 2025ರಲ್ಲಿ ಹೊಸ ಬಾಯ್ಲರ್ ಅಧಿನಿಯಮ ಬಂದಿದೆ. ಅದೇ ವರ್ಷದ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳೂ ಜಾರಿಗೊಂಡಿವೆ. ನೂರು ವರ್ಷಗಳಿಗೊಮ್ಮೆ ಒದಗುವ ಇಂಥ ಸಂದರ್ಭದಲ್ಲಾದರೂ ಬಾಯ್ಲರ್ ಮನೆಯೊಳಗಿನ ಮನುಷ್ಯನ ಸಂಬಳ, ದುಡಿಮೆಯ ಅವಧಿ ಹಾಗೂ ಸ್ಥಿತಿಗತಿಗಳ ಬಗ್ಗೆ ಒಂದು ಮಾತು ಆಗಬೇಕು ಎಂಬುದು ನನ್ನ ಕಾಳಜಿ.

ಅವನ ಕೆಲಸವೇನು?

ಉಗಿಯ ಯುಗ ಮುಗಿದುಹೋಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ರೈಲುಗಳಿಂದ ಉಗಿ ಮರೆಯಾಯಿತು ಎಂಬುದಷ್ಟೇ ಸತ್ಯ. ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳು, ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳು, ಕರಾವಳಿಯ ಗೇರುಬೀಜ ಕಾರ್ಖಾನೆಗಳು, ರೇಷ್ಮೆ ನೂಲು ತೆಗೆಯುವ ಘಟಕಗಳು, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಇಸ್ತ್ರಿ ವಿಭಾಗ, ದೊಡ್ಡ ಆಸ್ಪತ್ರೆಗಳ ಲಾಂಡ್ರಿ, ವಿದ್ಯಾರ್ಥಿನಿಲಯಗಳ ಅಡುಗೆಮನೆ, ಇವೆಲ್ಲವೂ ಇಂದಿಗೂ ಉಗಿಯನ್ನೇ ನೆಚ್ಚಿಕೊಂಡಿವೆ. ನಾವು ಉಣ್ಣುವ ಅನ್ನ, ಕುಡಿಯುವ ಚಹಾದ ಸಕ್ಕರೆ, ಉಡುವ ಬಟ್ಟೆ ಎಲ್ಲವೂ ಒಂದಲ್ಲ ಒಂದು ಬಾಯ್ಲರ್ ಮನೆಯನ್ನು ಹಾದು ಬಂದಿರುತ್ತವೆ.

ಬಾಯ್ಲರ್ ಎಂದರೆ ಸ್ಥೂಲವಾಗಿ ಮುಚ್ಚಿದ ಪಾತ್ರೆಯಲ್ಲಿ ಕುದಿಯುವ ನೀರು. ಸಾಮಾನ್ಯ ಒತ್ತಡದಲ್ಲಿ ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸಣ್ಣ ಕಾರ್ಖಾನೆಯೊಂದರ ಬಾಯ್ಲರಿನಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಕೆ.ಜಿ. ಒತ್ತಡವಿದ್ದರೆ, ಒಳಗಿನ ನೀರು 180 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾಗಿ ಕಾದಿದ್ದರೂ ಕುದಿದು ಉಗಿಯಾಗದೆ ಅದುಮಿಟ್ಟುಕೊಂಡಿರುತ್ತದೆ. ಪಾತ್ರೆ ಎಲ್ಲಿಯಾದರೂ ಬಿರಿದರೆ ಒತ್ತಡ ಒಮ್ಮೆಗೇ ಇಳಿದು, ಆ ನೀರಿನ ಒಂದು ಭಾಗ ಕ್ಷಣದೊಳಗೆ ಉಗಿಯಾಗಿ ಸಿಡಿಯುತ್ತದೆ. ಗೋಡೆಗಳು ಉರುಳುವುದು ಈ ಕಾರಣಕ್ಕೆ.

ಪಾತ್ರೆ ಬಿರಿಯುವುದು ಹೆಚ್ಚಾಗಿ ನೀರು ಕಡಿಮೆಯಾದಾಗ. ಬೆಂಕಿಗೆ ತಾಗಿದ ಉಕ್ಕನ್ನು ತಂಪಾಗಿಡುವುದು ಅದರ ಇನ್ನೊಂದು ಮಗ್ಗುಲಿನಲ್ಲಿರುವ ನೀರೇ. ನೀರು ಕೆಳಗಿಳಿದರೆ ಉಕ್ಕು ಕೆಂಪಗೆ ಕಾದು ಮೆತ್ತಗಾಗುತ್ತದೆ, ಒತ್ತಡಕ್ಕೆ ಕುಸಿಯುತ್ತದೆ. ಗಾಬರಿಯಲ್ಲಿ ಆ ಹೊತ್ತಿಗೆ ತಣ್ಣೀರು ಬಿಟ್ಟರೆ ಇನ್ನೂ ಅಪಾಯ. ಆದ್ದರಿಂದ ಅಟೆಂಡರನಾದವನು ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟವನ್ನು ಬಿಡದೆ ನೋಡುತ್ತಿರಬೇಕು. ಗಾಜಿನ ದಾರಿ ಕಟ್ಟಿಕೊಂಡು ಸುಳ್ಳು ಮಟ್ಟ ತೋರಿಸುತ್ತಿಲ್ಲವೆಂಬುದನ್ನು ಪ್ರತಿ ಪಾಳಿಯಲ್ಲೂ ಖಚಿತಪಡಿಸಿಕೊಳ್ಳಬೇಕು. ಸೇಫ್ಟಿ ವಾಲ್ವ್ ಅಂಟಿಕೊಂಡಿಲ್ಲವೆಂದು ಪರೀಕ್ಷಿಸಬೇಕು, ತಳದಲ್ಲಿ ಕೂಡಿದ ಕೆಸರನ್ನು ಕಾಲಕಾಲಕ್ಕೆ ಹೊರಬಿಡಬೇಕು, ಬೆಂಕಿಯನ್ನು ಉಗಿಯ ಬೇಡಿಕೆಗೆ ತಕ್ಕಂತೆ ಹದದಲ್ಲಿಡಬೇಕು. ಇದು ತೋಳ್ಬಲದ ಕೆಲಸವಲ್ಲ. ಎಚ್ಚರದ ಕೆಲಸ. ಎಂಟು ಗಂಟೆಗಳಲ್ಲಿ ಏನೂ ಘಟಿಸಲಿಲ್ಲವೆಂದರೆ ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದನೆಂದು ಅರ್ಥ. ಏನೂ ಘಟಿಸದಿರುವುದಕ್ಕೆ ಸಂಬಳ ಕೊಡುವುದು ನಮ್ಮ ವ್ಯವಸ್ಥೆಗೆ ಎಂದೂ ಒಗ್ಗಿಲ್ಲ.

ಈಗೆಲ್ಲ ಸ್ವಯಂಚಾಲಿತ ಉಪಕರಣಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ನೀರು ಇಳಿದರೆ ಪಂಪು ತಾನೇ ಚಾಲೂ ಆಗುತ್ತದೆ, ಇನ್ನೂ ಇಳಿದರೆ ಗಂಟೆ ಬಾರಿಸಿ ಬೆಂಕಿ ಆರುತ್ತದೆ ಎಂಬುದು ಸರಿ. ಆದರೆ ಇದು ತೈಲ, ಅನಿಲಗಳಿಂದ ಉರಿಯುವ ಬಾಯ್ಲರುಗಳಿಗೆ ಸಲ್ಲುವಷ್ಟು ಹೊಟ್ಟು, ಸೌದೆ, ಕಬ್ಬಿನ ಸಿಪ್ಪೆಗಳಿಂದ ಉರಿಯುವವುಗಳಿಗೆ ಸಲ್ಲುವುದಿಲ್ಲ. ಕುಲುಮೆಯಲ್ಲಿ ಹರಡಿಕೊಂಡ ಕೆಂಡವನ್ನು ಗುಂಡಿ ಒತ್ತಿ ಆರಿಸಲಾಗದು. ಅಲ್ಲದೆ ಉಪಕರಣವೂ ಕೆಡುತ್ತದೆ. ಗಡಸು ನೀರಿನ ನಮ್ಮ ಬಯಲುಸೀಮೆಯಲ್ಲಿ ಸುಣ್ಣಕಟ್ಟಿ ಅದು ಬೇಗನೆ ಕೆಡುತ್ತದೆ. ಕೆಟ್ಟಿದೆಯೆಂದು ತಿಳಿಯಬೇಕಾದವನೂ ಆ ಅಟೆಂಡರನೇ.

ಲೋಹದ ಕಾನೂನು

1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಪ್ರಾಣ ಕಳೆದುಕೊಂಡರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಬಳಿಕ ಇತರ ಪ್ರಾಂತಗಳು ತಮ್ಮ ತಮ್ಮ ಕಾನೂನುಗಳನ್ನು ಮಾಡಿಕೊಂಡವು. ಅವುಗಳ ನಡುವೆ ಏಕರೂಪತೆಯಿಲ್ಲದ ಕಾರಣ ಸಮಿತಿಯೊಂದು ನೇಮಕಗೊಂಡು 1921ರಲ್ಲಿ ವರದಿ ಕೊಟ್ಟಿತು. ಅದರ ಫಲವೇ 1923ರ ಅಧಿನಿಯಮ. ಕಾರ್ಮಿಕ ಪರಿಹಾರ ಅಧಿನಿಯಮವೂ ಅದೇ 1923ರದ್ದು ಎಂಬುದು ಗಮನಾರ್ಹ. ಒಂದೇ ವರ್ಷದಲ್ಲಿ ಬಾಯ್ಲರು ಒಡೆಯದಂತೆ ನೋಡಿಕೊಳ್ಳಲು ಒಂದು ಕಾನೂನು ಬಂತು, ಕೆಲಸಗಾರ ಸತ್ತರೆ ಅವನ ಮನೆಯವರಿಗೆ ಹಣ ಕೊಡಿಸಲು ಇನ್ನೊಂದು ಬಂತು. ಒಡೆಯದಂತೆ ಕಾಯುವ ಮನುಷ್ಯನು ಎಷ್ಟು ಹೊತ್ತು, ಎಷ್ಟು ಸಂಬಳಕ್ಕೆ ದುಡಿಯಬೇಕು ಎಂಬುದು ಎರಡರ ನಡುವಿನ ಬಿರುಕಿನಲ್ಲಿ ಉಳಿಯಿತು.

ಬಾಯ್ಲರ್ ಕಾನೂನು ತನ್ನ ಉದ್ದೇಶದ ಮಟ್ಟಿಗೆ ಉತ್ತಮವಾದದ್ದೇ. ಅದರಿಂದ ಅಸಂಖ್ಯ ಪ್ರಾಣಗಳು ಉಳಿದಿವೆ. ಉಕ್ಕಿನ ದಪ್ಪ, ಬೆಸುಗೆಯ ಗುಣಮಟ್ಟ, ಒತ್ತಡ ಪರೀಕ್ಷೆ ಇವೆಲ್ಲಕ್ಕೂ ಖಚಿತ ನಿಯಮಗಳಿವೆ. ಬಾಯ್ಲರಿನ ಪ್ರಮಾಣಪತ್ರ ಸಾಮಾನ್ಯವಾಗಿ ಹನ್ನೆರಡು ತಿಂಗಳಿಗೆ ಮಾತ್ರ. ಅವಧಿ ಮುಗಿದರೆ ತಣ್ಣಗೆ ಮಾಡಿ, ಖಾಲಿಮಾಡಿ, ಒಳಹೊಕ್ಕು ನೋಡಿ ಪರೀಕ್ಷಿಸಬೇಕು. ಅಟೆಂಡರನಿಗೂ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎಂಬ ಪರೀಕ್ಷೆಗಳಿವೆ. 2011ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳನ್ನು ರೂಪಿಸಿತು. ಅರ್ಹತೆ ಇಲ್ಲದವನ ಕೈಗೆ ಬಾಯ್ಲರ್ ಕೊಡಬಾರದೆಂಬುದು ಈ ನಿಯಮಗಳ ತಿರುಳು. ಆದರೆ ಅರ್ಹತೆಯುಳ್ಳವನು ಹದಿನಾರು ಗಂಟೆ ನಿದ್ದೆಗೆಟ್ಟು ನಿಂತಿದ್ದರೆ ಬಾಯ್ಲರ್ ಕಾನೂನು ಅದನ್ನು ಕೇಳುವುದಿಲ್ಲ. ದಣಿವು ಅದರ ಅಳತೆಗಳಲ್ಲಿ ಒಂದಲ್ಲ.

ದುಡಿಮೆಯ ಅವಧಿಗೆ 1948ರ ಕಾರ್ಖಾನೆಗಳ ಅಧಿನಿಯಮ ಇತ್ತಲ್ಲ ಎನ್ನಬಹುದು. ಇತ್ತು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯೂ ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿಯೂ ಅದರಲ್ಲಿದ್ದವು. ನಾನು ವರದಿ ಬರೆದ ಗಿರಣಿಗೂ ಅದು ಅನ್ವಯಿಸುತ್ತಿತ್ತು. ಈಗ ಆ ಸ್ಥಾನದಲ್ಲಿರುವ ಸಂಹಿತೆಯು ದಿನಕ್ಕೆ ಎಂಟು ಗಂಟೆ ಎನ್ನುತ್ತದೆ. ಆದರೆ ಕಾಗದದ ಮೇಲೆ ಪಾಳಿ ಎಂಟು ಗಂಟೆಯದಾದರೂ, ಬದಲಿ ಬಾರದಿದ್ದರೆ ಬಾಯ್ಲರ್ ಬಿಟ್ಟು ಹೋಗುವಂತಿಲ್ಲ. ಉಳಿದ ವಿಭಾಗದ ಕೆಲಸಗಾರ ಯಂತ್ರ ನಿಲ್ಲಿಸಿ ಮನೆಗೆ ಹೋಗಬಹುದು. ಉರಿಯುವ ಬೆಂಕಿಯನ್ನು ಒಂಟಿಯಾಗಿ ಬಿಟ್ಟು ಹೋದರೆ ಅದೇ ಅಪರಾಧ. ಮೂರು ಪಾಳಿಗೆ ಇಬ್ಬರನ್ನೇ ಇಟ್ಟುಕೊಂಡಿರುವ ಮಾಲೀಕನಿಗೆ ಅಟೆಂಡರನ ಈ ಕರ್ತವ್ಯಪ್ರಜ್ಞೆಯೇ ಮೂರನೆಯವನ ಸಂಬಳ ಉಳಿಸುವ ಉಪಾಯವಾಗುತ್ತದೆ.

ಆ್ಯಡಂ ಸ್ಮಿತ್ ಹೇಳಿದ್ದು, ಆಗದೇ ಹೋದದ್ದು

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು ಆ್ಯಡಂ ಸ್ಮಿತ್‌ನದು. ಉದ್ಯೋಗದಿಂದ ಉದ್ಯೋಗಕ್ಕೆ ಕೂಲಿ ಏಕೆ ಭಿನ್ನವಾಗಿರುತ್ತದೆ ಎಂಬುದಕ್ಕೆ 1776ರ ತನ್ನ ಗ್ರಂಥದಲ್ಲಿ ಅವನು ಐದು ಕಾರಣಗಳನ್ನು ಕೊಡುತ್ತಾನೆ. ಕೆಲಸ ಹಿತವೋ ಅಹಿತವೋ, ಕಲಿಯಲು ಎಷ್ಟು ಕಷ್ಟ, ವರ್ಷವಿಡೀ ಸಿಗುತ್ತದೆಯೇ, ಕೆಲಸಗಾರನ ಮೇಲಿಟ್ಟ ನಂಬಿಕೆ ಎಷ್ಟು ದೊಡ್ಡದು, ಯಶಸ್ಸಿನ ಸಂಭವ ಎಷ್ಟು ಎಂಬುವೇ ಅವು. ಈ ಪಟ್ಟಿಯನ್ನು ಹಿಡಿದು ಬಾಯ್ಲರ್ ಮನೆಗೆ ಹೋದರೆ ಅಟೆಂಡರನಿಗೆ ಊರಿನಲ್ಲೇ ಒಳ್ಳೆಯ ಸಂಬಳ ಸಿಗಬೇಕು. ಉರಿ, ಬೂದಿ, ಸದ್ದುಗಳಿಂದಾಗಿ ಕೆಲಸ ಅಹಿತ. ಕಲಿಯಲು ವರ್ಷಗಳು ಬೇಕು, ಪರೀಕ್ಷೆ ಪಾಸಾಗಬೇಕು. ಸಕ್ಕರೆ ಕಾರ್ಖಾನೆಯಲ್ಲಾದರೆ ಕಬ್ಬು ನುರಿಸುವ ನಾಲ್ಕೈದು ತಿಂಗಳು ಮಾತ್ರ ಕೆಲಸ. ನಂಬಿಕೆಯ ಮಾತಂತೂ ಹೇಳಬೇಕಿಲ್ಲ, ಕಾರ್ಖಾನೆಯ ಎಲ್ಲರ ಪ್ರಾಣವೂ ಅವನ ಕಣ್ಣಿನ ಮೇಲೆ ನಿಂತಿದೆ.

ವಾಸ್ತವ ಬೇರೆಯೇ ಆಗಿದೆ. ಕಳೆದ ವರ್ಷ ಊರಿಗೆ ಹೋದಾಗ ನಾನು ಮಾತನಾಡಿಸಿದ ದ್ವಿತೀಯ ದರ್ಜೆ ಅಟೆಂಡರನೊಬ್ಬನಿಗೆ ಗುತ್ತಿಗೆದಾರರ ಮೂಲಕ ಸಿಗುತ್ತಿದ್ದುದು ತಿಂಗಳಿಗೆ 17 ಸಾವಿರ ರೂಪಾಯಿ. ಪಾಳಿ ಹನ್ನೆರಡು ಗಂಟೆಯದು. ವಾರದ ರಜೆ ಎಂದರೆ ಪಾಳಿ ಬದಲಾಗುವ ದಿನ ಸಿಗುವ ಒಂದಿಷ್ಟು ಹೆಚ್ಚಿನ ನಿದ್ದೆ. ಅದೇ ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಅವನ ತಮ್ಮ ಅವನಿಗಿಂತ ಹೆಚ್ಚು ಗಳಿಸುತ್ತಾನೆ. 'ಮಗನಿಗೆ ಈ ಕೆಲಸ ಕಲಿಸುತ್ತೀರಾ?' ಎಂದು ಕೇಳಿದೆ. ನಕ್ಕು ಸುಮ್ಮನಾದ.

ಸ್ಮಿತ್‌ನ ನಿಯಮ ಇಲ್ಲೇಕೆ ಫಲಿಸಲಿಲ್ಲ? ಮೊದಲನೆಯದಾಗಿ, ಪ್ರಮಾಣಪತ್ರವನ್ನು ಬಾಡಿಗೆಗೆ ಪಡೆಯಬಹುದಾದರೆ ಪರಿಣತಿಗೆ ಬೆಲೆ ಉಳಿಯುವುದಿಲ್ಲ. ಕಾಗದ ಒಬ್ಬನದು, ಕೆಲಸ ಇನ್ನೊಬ್ಬನದು ಎಂದಾದಾಗ ಇಬ್ಬರಿಗೂ ಪೂರ್ತಿ ಸಂಬಳ ಸಿಗದು. ಎರಡನೆಯದಾಗಿ, ಒಂದು ಕಾರ್ಖಾನೆಯಲ್ಲಿ ಅಟೆಂಡರುಗಳು ಇಬ್ಬರೋ ಮೂವರೋ ಇರುತ್ತಾರೆ. ಚೌಕಾಸಿ ಮಾಡುವ ಸಂಖ್ಯಾಬಲ ಅವರಿಗಿಲ್ಲ. ಮಾಲೀಕರು ಒಗ್ಗೂಡುವುದು ಕೆಲಸಗಾರರು ಒಗ್ಗೂಡುವುದಕ್ಕಿಂತ ಸುಲಭವೆಂಬುದನ್ನೂ ಸ್ಮಿತ್‌ನೇ ಗುರುತಿಸಿದ್ದ. ಮೂರನೆಯದಾಗಿ, ನಮ್ಮ ಕನಿಷ್ಠ ವೇತನ ಪದ್ಧತಿ ಕೆಲಸಗಾರರನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸುತ್ತ ಬಂದಿದೆ. ಕೈಚಳಕಕ್ಕೆ ಅದರಲ್ಲಿ ದರ್ಜೆಯಿದೆ. ಹೊಣೆಗೂ ಅಪಾಯಕ್ಕೂ ಇಲ್ಲ.

ನಾಲ್ಕನೆಯದು ಬಡ್ತಿಯ ಏಣಿ ಇಲ್ಲದಿರುವುದು. ಉಗಿಬಂಡಿಗಳ ಕಾಲದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಮುಂದೊಂದು ದಿನ ಡ್ರೈವರ್ ಆಗಬಲ್ಲವನಾಗಿದ್ದ. ರೈಲು ಓಡಿಸುವ ಸಿಬ್ಬಂದಿಗೆ ಓಟದ ಭತ್ಯೆಯೂ ಇತ್ತು, ವಿಶ್ರಾಂತಿಯ ನಿಯಮಗಳೂ ಇದ್ದವು. ಅವನ ಮೈಯ ಮಸಿಗೆ ಸಮಾಜದಲ್ಲಿ ಒಂದು ಗೌರವವಿತ್ತು. ಹಳಿಯ ಮೇಲೆ ಓಡದೆ ಒಂದೇ ಕಡೆ ನಿಂತ ಬಾಯ್ಲರಿನ ಮುಂದಿನವನಿಗೆ ಇವಾವುವೂ ದೊರೆಯಲಿಲ್ಲ. ಪ್ರಥಮ ದರ್ಜೆ ಪಡೆದ ಮೇಲೆ ಹೆಚ್ಚಿನವರ ಪಾಲಿಗೆ ಮುಂದಿನ ಮೆಟ್ಟಿಲೇ ಇಲ್ಲ. ಬಾಯ್ಲರ್ ಕಾರ್ಯಾಚರಣೆಯ ಎಂಜಿನಿಯರ್ ಹುದ್ದೆಗೆ ಪದವಿ ಇಲ್ಲವೇ ಡಿಪ್ಲೊಮಾ ಬೇಕು.

ಇತರೆಡೆ ಇದು ಹೇಗೆ ಬದಲಾಯಿತೆಂಬುದನ್ನು ನೋಡಬಹುದು. ಅಮೆರಿಕದಲ್ಲಿ ಈ ವೃತ್ತಿಯವರನ್ನು 'ಸ್ಟೇಷನರಿ ಎಂಜಿನಿಯರ್' ಎಂದು ಕರೆಯುತ್ತಾರೆ. ರೈಲಿನಂತೆ ಚಲಿಸದೆ ಒಂದೆಡೆ ನೆಲೆನಿಂತ ಯಂತ್ರದ ನಿರ್ವಾಹಕ ಎಂದು ಅದರರ್ಥ. 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸ್‌ನ ಬ್ರಾಕ್‌ಟನ್ ಪಟ್ಟಣದ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಆ ದುರಂತದ ಬೆನ್ನಿಗೆ 1907ರಲ್ಲಿ ಆ ರಾಜ್ಯದ ಕಾನೂನೂ ಮುಂದೆ ಅಲ್ಲಿನ ಯಂತ್ರಶಿಲ್ಪಿಗಳ ಸಂಘದ ಪ್ರಸಿದ್ಧ ಬಾಯ್ಲರ್ ಸಂಹಿತೆಯೂ ರೂಪುಗೊಂಡವು. ಅದು ಲೋಹದ ಕಥೆ. ಅದಕ್ಕೂ ಮೊದಲೇ, 1896ರಲ್ಲಿ, ಶಿಕಾಗೊದಲ್ಲಿ ಕೆಲವೇ ಮಂದಿ ಉಗಿಯಂತ್ರ ನಿರ್ವಾಹಕರು ಕೂಡಿ ತಮ್ಮದೇ ಸಂಘ ಕಟ್ಟಿದ್ದರು. ದೀರ್ಘ ದುಡಿಮೆ, ಅಲ್ಪ ಸಂಬಳಗಳೇ ಅವರ ದೂರಾಗಿದ್ದವು. ಪರವಾನಗಿ ಇಲ್ಲದವನು ಬಾಯ್ಲರ್ ಮುಟ್ಟಬಾರದೆಂಬ ನಗರಗಳ ನಿಯಮವೂ ಸಂಘದ ಚೌಕಾಸಿಯೂ ಒಂದಕ್ಕೊಂದು ಆಸರೆಯಾಗಿ, ಅಲ್ಲಿನ ದೊಡ್ಡ ನಗರಗಳಲ್ಲಿ ಇದು ಸಂಸಾರ ಸಾಕುವಂಥ ಮರ್ಯಾದೆಯ ವೃತ್ತಿಯಾಯಿತು. ನಮ್ಮಲ್ಲಿ ಪರವಾನಗಿ ಬಂತು, ಅದರ ಬೆಲೆ ಪರವಾನಗಿದಾರನ ಕೈಸೇರಲಿಲ್ಲ.

ಸಂಬಳವೂ ಒಂದು ಸುರಕ್ಷಾ ಸಾಧನ

ದುರಂತಗಳು ನಮಗೆ ಹಳೆಯ ಕಥೆಯೇನಲ್ಲ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ಶಾಖೋತ್ಪನ್ನ ಸ್ಥಾವರದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. 2020ರ ಮೇ ಹಾಗೂ ಜುಲೈ ತಿಂಗಳುಗಳಲ್ಲಿ, ಎರಡು ತಿಂಗಳೊಳಗೆ ಎರಡು ಬಾರಿ, ತಮಿಳುನಾಡಿನ ನೈವೇಲಿಯಲ್ಲಿ ಬಾಯ್ಲರ್ ಅವಘಡಗಳಾದವು. 2021ರ ಡಿಸೆಂಬರ್‌ನಲ್ಲಿ ಬಿಹಾರದ ಮುಜಫ್ಫರ್‌ಪುರದ ನೂಡಲ್ಸ್ ಕಾರ್ಖಾನೆಯೊಂದರ ಬಾಯ್ಲರ್ ಸಿಡಿದು ಕಾರ್ಮಿಕರು ಸತ್ತರು. ಒಂದೊಂದರ ತಾಂತ್ರಿಕ ಕಾರಣವೂ ಬೇರೆ. ಎಲ್ಲದರ ಹೊಣೆಯನ್ನೂ ದಣಿದ ಅಟೆಂಡರನ ತಲೆಗೆ ಕಟ್ಟುವುದು ತಪ್ಪು. ದೊಡ್ಡ ಸ್ಥಾವರಗಳು ಬೇರೆ, ಹೊಟ್ಟಿನ ಬಾಯ್ಲರ್ ಬೇರೆ ಎಂಬುದೂ ನಿಜ. ಆದರೆ ಸತ್ತವರ ಪಟ್ಟಿಯಲ್ಲಿ ಗುತ್ತಿಗೆ ಕಾರ್ಮಿಕರ ಹೆಸರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಗಮನಿಸದಿರಲಾಗದು.

ಸಣ್ಣ ಗಿರಣಿ ಹೆಚ್ಚು ಸಂಬಳವನ್ನು ಹೇಗೆ ಕೊಟ್ಟೀತು ಎಂಬುದು ಸಹಜವಾದ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಗಂಟೆಗೆ ಮೂರು ಟನ್ ಉಗಿ ಕೊಡುವ ಬಾಯ್ಲರ್ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಕೆ.ಜಿ. ಹೊಟ್ಟಿನಿಂದ ಸುಮಾರು ಮೂರೂವರೆ ಕೆ.ಜಿ. ಉಗಿ ಬಂದರೆ, ಎಂಟು ಗಂಟೆಯ ಪಾಳಿಗೆ ಸುಮಾರು ಏಳು ಟನ್ ಹೊಟ್ಟು ಬೇಕು. ಕೆ.ಜಿ.ಗೆ ಕೇವಲ ಮೂರು ರೂಪಾಯಿ ಎಂದು ಹಿಡಿದರೂ ಒಂದು ಪಾಳಿಯ ಇಂಧನದ ಬೆಲೆ 20 ಸಾವಿರ ರೂಪಾಯಿ ದಾಟುತ್ತದೆ. ಬೆಂಕಿಯ ಹದ, ಗಾಳಿಯ ಪ್ರಮಾಣ, ನೀರಿನ ಶುದ್ಧತೆಗಳನ್ನು ಬಲ್ಲ ಅಟೆಂಡರ್ ಇದರಲ್ಲಿ ಶೇಕಡ ಐದರಷ್ಟು ಉಳಿಸಿದರೆ ಪಾಳಿಗೆ ಸಾವಿರ ರೂಪಾಯಿ ಉಳಿಯಿತು. ನಾನು ಮಾತನಾಡಿಸಿದ ಅಟೆಂಡರನ ಒಂದು ದಿನದ ಸಂಬಳಕ್ಕಿಂತ ಇದು ಹೆಚ್ಚು. ಅಂದರೆ ಒಳ್ಳೆಯ ಅಟೆಂಡರ್ ತನ್ನ ಸಂಬಳವನ್ನು ತಾನೇ ದುಡಿದುಕೊಡುತ್ತಾನೆ. ದಣಿದವನು, ಕಲಿಯದವನು ಅದಕ್ಕಿಂತ ಹೆಚ್ಚನ್ನು ಹೊಗೆಯಾಗಿ ಹಾರಿಬಿಡುತ್ತಾನೆ. ಮಾಲೀಕನ ಲೆಕ್ಕಪುಸ್ತಕದಲ್ಲಿ ಸಂಬಳ ಎದ್ದು ಕಾಣುತ್ತದೆ, ಪೋಲಾದ ಇಂಧನ ಕಾಣುವುದಿಲ್ಲ.

ಇನ್ನು ಸರ್ಕಾರ ಮಾಡಬಹುದಾದದ್ದೇನು? ಹೊಸ ಕಾನೂನು ತರಬೇಕೆಂದು ನಾನು ಹೇಳುತ್ತಿಲ್ಲ. ಇರುವುದನ್ನು ಬಳಸಿದರೂ ಸಾಕು. 2019ರ ವೇತನ ಸಂಹಿತೆಯ 6ನೇ ಪ್ರಕರಣವು ಕನಿಷ್ಠ ವೇತನ ನಿಗದಿಪಡಿಸುವಾಗ ಕೌಶಲ ಮತ್ತು ಪ್ರದೇಶಗಳ ಜೊತೆಗೆ, ಸಹಿಸಲು ಕಷ್ಟವಾದ ಶಾಖ ಹಾಗೂ ಆರ್ದ್ರತೆ, ಅಪಾಯಕಾರಿ ವೃತ್ತಿ ಮೊದಲಾದವನ್ನೂ ಪರಿಗಣಿಸಲು ಅವಕಾಶ ಕೊಡುತ್ತದೆ. ಪರಿಗಣಿಸಬಹುದು ಎಂದಿದೆಯೇ ಹೊರತು ಪರಿಗಣಿಸಲೇಬೇಕು ಎಂದಿಲ್ಲ. ಆ 'ಬಹುದು' ಎಂಬುದನ್ನು ಬಾಯ್ಲರ್ ಮನೆಯ ಮಟ್ಟಿಗೆ 'ಬೇಕು' ಎಂದು ಮಾಡುವುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಅಟೆಂಡರುಗಳಿಗೆ, ಅವರು ಯಾವ ಉದ್ಯಮದಲ್ಲೇ ಇರಲಿ, ಪ್ರತ್ಯೇಕ ದರವೂ ಉರಿಯ ಭತ್ಯೆಯೂ ನಿಗದಿಯಾಗಲಿ.

ಎರಡನೆಯದಾಗಿ, ಬಾಯ್ಲರಿನ ವಾರ್ಷಿಕ ಪ್ರಮಾಣಪತ್ರದ ನವೀಕರಣಕ್ಕೆ ಅರ್ಜಿ ಹಾಕುವಾಗಲೇ ಅಟೆಂಡರುಗಳ ಪಾಳಿಪಟ್ಟಿ, ಅವರ ಭವಿಷ್ಯನಿಧಿ ಸಂಖ್ಯೆ, ಬ್ಯಾಂಕ್ ಮೂಲಕ ಸಂಬಳ ಪಾವತಿಯಾದ ದಾಖಲೆಗಳನ್ನು ಲಗತ್ತಿಸುವಂತಾಗಲಿ. ಒಬ್ಬನ ಹೆಸರು ಎರಡು ಕಾರ್ಖಾನೆಗಳಲ್ಲಿ ಕಂಡರೆ ಗಣಕಯಂತ್ರವೇ ಹಿಡಿದುಕೊಡುತ್ತದೆ. ಪ್ರಮಾಣಪತ್ರದ ಬಾಡಿಗೆ ವ್ಯಾಪಾರ ಅಲ್ಲಿಗೆ ನಿಲ್ಲುತ್ತದೆ. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳನ್ನೂ ಬಾಯ್ಲರುಗಳನ್ನೂ ಒಂದೇ ಇಲಾಖೆ ನೋಡಿಕೊಳ್ಳುವುದರಿಂದ ಇದು ಕಷ್ಟದ ಮಾತೇನಲ್ಲ.

ಮೂರನೆಯದಾಗಿ, ಸತತ ಎರಡು ಪಾಳಿ ಮಾಡಿಸುವುದನ್ನು ಸುರಕ್ಷತೆಯ ಉಲ್ಲಂಘನೆ ಎಂದೇ ಬಾಯ್ಲರ್ ನಿಯಮಗಳು ಪರಿಗಣಿಸಲಿ. ಹೊಸ ಅಧಿನಿಯಮವು ಗಂಭೀರ ಅಪರಾಧಗಳಿಗೆ ಕ್ರಿಮಿನಲ್ ಶಿಕ್ಷೆಯನ್ನು ಉಳಿಸಿಕೊಂಡು ಉಳಿದವಕ್ಕೆ ಹಣದ ದಂಡ ವಿಧಿಸುವ ಕ್ರಮ ಅನುಸರಿಸಿದೆ. ಸೇಫ್ಟಿ ವಾಲ್ವನ್ನು ಕಟ್ಟಿಹಾಕುವುದಕ್ಕೂ ಅಟೆಂಡರನನ್ನು ಹದಿನಾರು ಗಂಟೆ ನಿಲ್ಲಿಸುವುದಕ್ಕೂ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ನಾಲ್ಕನೆಯದಾಗಿ, ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುವುದರಿಂದ ಅದನ್ನು ಉಸಿರಾಡುವವರ ಶ್ವಾಸಕೋಶವನ್ನೂ, ಸದ್ದಿನಲ್ಲಿ ದುಡಿಯುವವರ ಕಿವಿಯನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಲಿ. ಸಕ್ಕರೆ ಉದ್ಯಮದಲ್ಲಿ ಹಂಗಾಮು ಮುಗಿದ ಮೇಲೆ ಕಾಯಂ ಹಂಗಾಮಿ ನೌಕರರಿಗೆ ಸಲ್ಲುವ ಉಳಿಕೆ ಭತ್ಯೆ ಗುತ್ತಿಗೆ ಅಟೆಂಡರಿಗೂ ಸಲ್ಲಲಿ.

ಐದನೆಯದು ತೀರ ಸಣ್ಣದು, ಖರ್ಚಿಲ್ಲದ್ದು. ಹಳೆಯ ಅಧಿನಿಯಮದ ಪ್ರಕಾರ ಅವಘಡವಾದ 24 ಗಂಟೆಗಳೊಳಗೆ ವರದಿ ಕೊಡಬೇಕಿತ್ತು. ಬಾಯ್ಲರಿಗಾದ ಹಾನಿ, ಮನುಷ್ಯರಿಗಾದ ಹಾನಿ ಎರಡನ್ನೂ ಅದರಲ್ಲಿ ವಿವರಿಸಬೇಕಿತ್ತು. ಹೊಸ ಅಧಿನಿಯಮದಡಿ ನಮೂನೆಗಳನ್ನು ರೂಪಿಸುವವರು ಒಂದು ಕಾಲಂ ಹೆಚ್ಚಿಗೆ ಸೇರಿಸಲಿ. 'ಅವಘಡ ಸಂಭವಿಸಿದಾಗ ಅಟೆಂಡರ್ ಎಷ್ಟು ಗಂಟೆಗಳಿಂದ ಕೆಲಸದಲ್ಲಿದ್ದ? ಹಿಂದಿನ ಏಳು ದಿನಗಳಲ್ಲಿ ಎಷ್ಟು ಗಂಟೆ ದುಡಿದಿದ್ದ? ಅವನ ಸಂಬಳವೆಷ್ಟು?' ಈ ಪ್ರಶ್ನೆಗಳು ಅಚ್ಚಾಗಿದ್ದರೆ ವಿಚಾರಣೆ ಮಾಡುವ ಅಧಿಕಾರಿ, ಅವನು ಎಷ್ಟೇ ಅವಸರದಲ್ಲಿರಲಿ, ಉತ್ತರ ಬರೆಯಲೇಬೇಕಾಗುತ್ತದೆ.

ನನ್ನ ಆ ವರದಿ ಈಗ ಯಾವುದೋ ದಾಖಲೆ ಕೊಠಡಿಯಲ್ಲಿ ಕಟ್ಟಿನೊಳಗೆ ಸೇರಿಹೋಗಿರಬೇಕು. ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ಮೃತನ ಅಣ್ಣ ಹೇಳಿಕೆಗೆ ಹೆಬ್ಬೆಟ್ಟು ಒತ್ತಿ ಎದ್ದು ಹೋಗುವ ಮುನ್ನ, ತಮ್ಮನ ತಪ್ಪೇನೂ ಇಲ್ಲವೆಂದು ಬರೆದುಕೊಂಡಿರಾ ಎಂದು ಕೇಳಿದ್ದ. ನೀನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ ಎಂದು ನಾನು ಉತ್ತರಿಸಿದ್ದೆ. ಅವನು ಕೇಳಿದ್ದು ಅದನ್ನಲ್ಲವೆಂದು ಇಬ್ಬರಿಗೂ ಗೊತ್ತಿತ್ತು.